ಹದಿನಾರು ಜನರಿಗಾಗಿ ಒಂದು ಕಲ್ಲಿನ ಕಾಡು: ಎಡಿನ್‌ಬರೋದ ಥಿಸಲ್ ಚಾಪೆಲ್

ನಮ್ಮ ಸಿಟಿ ಬಸ್ಸಿನ ಉದ್ದ ಸುಮಾರು 12 ಮೀಟರ್. ಅದಕ್ಕಿಂತ ಒಂದು ಮೀಟರ್ ಕಡಿಮೆ ಉದ್ದದ ಒಂದು ಕೋಣೆಯನ್ನು ಕಲ್ಪಿಸಿಕೊಳ್ಳಿ. ಅಗಲ ಐದೂವರೆ ಮೀಟರ್, ಅಂದರೆ ಎರಡು ಬಸ್ಸು ಅಕ್ಕಪಕ್ಕ ನಿಂತಷ್ಟು. ಎತ್ತರ ಮಾತ್ರ ಹೆಚ್ಚುಕಡಿಮೆ 13 ಮೀಟರ್, ನಾಲ್ಕು ಅಂತಸ್ತಿನ ಮನೆಯಷ್ಟು. ಈ ಇಕ್ಕಟ್ಟಾದ, ಎತ್ತರದ ಕೋಣೆಯ ಮಾಡಿನಲ್ಲಿ, ಗೋಡೆಯಲ್ಲಿ, ಆಸನಗಳಲ್ಲಿ, ಆಸನದ ಕೈಗಳಲ್ಲಿ ಎಲ್ಲೆಲ್ಲೂ ಕೆತ್ತನೆ. ಎಲೆ, ಹೂವು, ಮುಳ್ಳು, ಪ್ರಾಣಿ, ದೇವದೂತರು. ಆ ದೇವದೂತರಲ್ಲಿ ಬ್ಯಾಗ್‌ಪೈಪ್ ಊದುವವರೂ ಇದ್ದಾರೆ.

ಇದು ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿರುವ ಥಿಸಲ್ ಚಾಪೆಲ್. ಚಾಪೆಲ್ ಅಂದರೆ ಪುಟ್ಟ ಪ್ರಾರ್ಥನಾ ಮಂದಿರ. ಸೇಂಟ್ ಜೈಲ್ಸ್ ಎಂಬ ಹಳೆಯ ದೊಡ್ಡ ಚರ್ಚಿನ ಆಗ್ನೇಯ ಮೂಲೆಗೆ ಅಂಟಿಕೊಂಡಂತೆ ಇದನ್ನು ಕಟ್ಟಿದ್ದಾರೆ. ಮೊದಲ ಸಲ ಫೋಟೋ ನೋಡಿದವರು ಸಾಮಾನ್ಯವಾಗಿ ಇದು ಐನೂರು ವರ್ಷ ಹಳೆಯದು ಅಂದುಕೊಳ್ಳುತ್ತಾರೆ. ನಿಜ ಏನೆಂದರೆ ಇದು ಶುರುವಾಗಿದ್ದು 1909ರಲ್ಲಿ, ಉದ್ಘಾಟನೆ ಆಗಿದ್ದು 1911ರ ಜುಲೈ 19ರಂದು. ಆ ಹೊತ್ತಿಗೆ ಜಗತ್ತಿನಲ್ಲಿ ಮೋಟಾರು ಕಾರು ಓಡುತ್ತಿತ್ತು, ವಿಮಾನ ಹಾರುತ್ತಿತ್ತು.

ಹಾಗಾದರೆ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಕೆತ್ತನೆ ಯಾಕೆ? ಬರೀ ಆಡಂಬರಾನಾ? ಅಲ್ಲ ಅನ್ನುವುದೇ ನನ್ನ ಮಾತು. ಈ ಕಟ್ಟಡದಲ್ಲಿ ಅಲಂಕಾರಕ್ಕೆ ಕೆಲಸ ಇದೆ. ಕೆಲವು ಕೆತ್ತನೆ ಮಾಡಿನ ಕಲ್ಲುಗಳ ಕೂಡಿಕೆಯನ್ನು ಸಂಭಾಳಿಸುತ್ತದೆ. ಕೆಲವು, ಯಾರು ಎಲ್ಲಿ ಕೂರಬೇಕು ಎಂದು ಹೇಳುತ್ತದೆ. ಇನ್ನು ಕೆಲವು ಸತ್ತವರ ಲೆಕ್ಕ ಇಡುತ್ತದೆ. ಇದು ಗೊತ್ತಾದರೆ ಕಣ್ಣಿಗೆ ಗೊಂದಲ ಅನ್ನಿಸಿದ್ದೆಲ್ಲ ಓದಬಲ್ಲ ಪುಟದ ಹಾಗೆ ತೆರೆದುಕೊಳ್ಳುತ್ತದೆ.

ಮನೆ ಇಲ್ಲದ ಬಳಗ

ಮೊದಲು ಇದು ಯಾರಿಗಾಗಿ ಎಂದು ನೋಡೋಣ. 'ಆರ್ಡರ್ ಆಫ್ ದ ಥಿಸಲ್' ಸ್ಕಾಟ್ಲೆಂಡಿನ ಅತಿ ದೊಡ್ಡ ರಾಜಗೌರವ. ರಾಜ ತಾನೇ ಆರಿಸಿದ ಕೆಲವೇ ಜನರ ಬಳಗ ಅದು. ಬಳಗದಲ್ಲಿ ಸೇರಿದವರನ್ನು ನೈಟ್ ಎನ್ನುತ್ತಾರೆ. ನೈಟ್ ಅಂದ ತಕ್ಷಣ ಕುದುರೆ, ಕವಚ, ಭರ್ಜಿ ನೆನಪಾಗುತ್ತದೆ ಅಲ್ವಾ? ಆ ಕಾಲ ಮುಗಿದು ಶತಮಾನಗಳೇ ಆದವು. ಈಗ ನಿವೃತ್ತ ನ್ಯಾಯಾಧೀಶರು, ರಾಜಕಾರಣಿಗಳು, ವಿದ್ವಾಂಸರು, ಜಮೀನ್ದಾರಿ ಮನೆತನದವರು ಇಂಥವರು ಇರುತ್ತಾರೆ. ಆದರೂ ಕತ್ತಿ, ಶಿರಸ್ತ್ರಾಣ, ಗುರಾಣಿಯ ಗುರುತುಗಳನ್ನು ಬಳಗ ಬಿಟ್ಟಿಲ್ಲ. ಚಾಪೆಲ್ಲಿನ ಒಳಗಿನ ಅರ್ಧಕ್ಕರ್ಧ ಅಲಂಕಾರ ಹುಟ್ಟಿದ್ದೇ ಈ ಗುರುತುಗಳಿಂದ.

ಥಿಸಲ್ ಅಂದರೆ ಒಂದು ಮುಳ್ಳುಗಿಡ. ನೇರಳೆ ಬಣ್ಣದ ಗುಂಡನೆ ಹೂವು, ಸುತ್ತ ಚುಚ್ಚುವ ಎಲೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗುರುತು ಅದು. ನಮ್ಮವರಿಗೆ ತೀರಾ ಅಪರಿಚಿತ ಗಿಡವೇನಲ್ಲ: ಉತ್ತರ ಕರ್ನಾಟಕದ ಹೊಲಗಳಲ್ಲಿ ಬೆಳೆಯುವ ಕುಸುಬೆ ಇದೇ ಗುಂಪಿಗೆ ಸೇರಿದ್ದು. ಬಲಿತ ಕುಸುಬೆ ಹೊಲಕ್ಕೆ ಬರಿಗಾಲಲ್ಲಿ ಇಳಿದವರಿಗೆ ಥಿಸಲ್ ಏನು ಮಾಡುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಅಲ್ಲಿನ ದಂತಕತೆಯೂ ಅದೇ. ರಾತ್ರಿ ಸದ್ದಿಲ್ಲದೆ ದಾಳಿಗೆ ಬಂದ ನಾರ್ವೆ ಕಡೆಯ ಸೈನಿಕನೊಬ್ಬ ಬರಿಗಾಲಲ್ಲಿ ಥಿಸಲ್ ತುಳಿದು ಕಿರುಚಿದನಂತೆ, ಸ್ಕಾಟರು ಎಚ್ಚೆತ್ತರಂತೆ. ಬಳಗದ ಲ್ಯಾಟಿನ್ ಧ್ಯೇಯವಾಕ್ಯದ ಅರ್ಥವೂ ಈ ಮುಳ್ಳಿಗೆ ಒಪ್ಪುತ್ತದೆ: 'ನನ್ನನ್ನು ಕೆಣಕಿದವರು ಯಾರೂ ಸುಮ್ಮನೆ ಪಾರಾಗುವುದಿಲ್ಲ.'

ದಂತಕತೆ ಬಿಟ್ಟು ದಾಖಲೆಗೆ ಬಂದರೆ, ಬಳಗ ಈಗಿನ ರೂಪ ಪಡೆದದ್ದು 1687ರಲ್ಲಿ. ಸ್ಕಾಟ್ಲೆಂಡಿನ ಏಳನೇ ಜೇಮ್ಸ್, ಇಂಗ್ಲೆಂಡಿಗೆ ಅವನೇ ಎರಡನೇ ಜೇಮ್ಸ್, ಅದನ್ನು ಸ್ಥಾಪಿಸಿದ. ತಾನು ಹಳೆಯದನ್ನು ಮತ್ತೆ ಶುರುಮಾಡುತ್ತಿದ್ದೇನೆ ಎಂದು ಅವನು ಹೇಳಿಕೊಂಡ. ರಾಜನ ಜೊತೆ 12 ನೈಟ್‌ಗಳು. 1827ರಲ್ಲಿ ಈ ಸಂಖ್ಯೆ 16ಕ್ಕೆ ಏರಿತು. ಇವತ್ತಿಗೂ ಅಷ್ಟೇ. ರಾಜಮನೆತನದವರು ಮತ್ತು ಬೇರೆ ದೇಶದ ದೊರೆಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಜೇಮ್ಸ್ ತನ್ನ ಬಳಗಕ್ಕೆ ಮಂದಿರವನ್ನೂ ಗೊತ್ತು ಮಾಡಿದ್ದ. ಎಡಿನ್‌ಬರೋದ ಹೋಲಿರೂಡ್ ಅರಮನೆಗೆ ತಾಗಿಕೊಂಡಿದ್ದ ಹಳೆಯ ಅಬ್ಬೆ, ಅಂದರೆ ಕ್ರೈಸ್ತ ಮಠದ ಚರ್ಚು ಅದು. ಅಲ್ಲಿ ನೈಟ್‌ಗಳಿಗೆ ಆಸನ ಹಾಕುವ ಏರ್ಪಾಡು ನಡೆಯಿತು. ಆದರೆ ಜೇಮ್ಸ್ ಕ್ಯಾಥೊಲಿಕ್, ಊರು ಪ್ರಾಟೆಸ್ಟೆಂಟ್. 1688ರ ಕೊನೆಗೆ ಅವನ ಸಿಂಹಾಸನ ಅಲುಗಾಡಿದಾಗ ಜನ ಆ ಚರ್ಚಿಗೆ ನುಗ್ಗಿ ಒಳಗಿದ್ದದ್ದನ್ನೆಲ್ಲ ಒಡೆದು ಹಾಕಿದರು. ರಾಜ ದೇಶ ಬಿಟ್ಟು ಓಡಿಹೋದ. 1703ರಲ್ಲಿ ಆ್ಯನ್ ರಾಣಿ ಬಳಗಕ್ಕೆ ಮತ್ತೆ ಜೀವ ಕೊಟ್ಟಳು. ಮಂದಿರ ಮಾತ್ರ ಸಿಗಲಿಲ್ಲ. 1768ರಲ್ಲಿ ಹೋಲಿರೂಡ್ ಚರ್ಚಿನ ಮಾಡು ಕುಸಿದು ಅದು ಬರೀ ಗೋಡೆಗಳ ಹಾಳು ಕಟ್ಟಡವಾಯಿತು. ಈಗಲೂ ಹಾಗೇ ನಿಂತಿದೆ.

ಇಂಗ್ಲೆಂಡಿನ ಬಳಗಗಳ ಸ್ಥಿತಿ ಬೇರೆ. ಗಾರ್ಟರ್ ಬಳಗಕ್ಕೆ ವಿಂಡ್ಸರ್‌ನಲ್ಲಿ ಸೇಂಟ್ ಜಾರ್ಜ್ ಚಾಪೆಲ್ ಇತ್ತು. 1475ರಲ್ಲಿ ಶುರುವಾಗಿ 1528ಕ್ಕೆ ಮುಗಿದದ್ದು. ಬಾತ್ ಬಳಗಕ್ಕೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಏಳನೇ ಹೆನ್ರಿ ಕಟ್ಟಿಸಿದ ಚಾಪೆಲ್ ಇತ್ತು. ಸ್ಕಾಟ್ಲೆಂಡಿನ ನೈಟ್‌ಗಳು ಮಾತ್ರ ಇನ್ನೂರು ಚಿಲ್ಲರೆ ವರ್ಷ ಮನೆ ಇಲ್ಲದೆ ಕಳೆದರು. ಆ ಸಾಲಿನಲ್ಲಿ ನಮಗೆ ಶಾಲೆಯ ಪಾಠದಿಂದ ಗೊತ್ತಿರುವ ಹೆಸರೂ ಒಂದಿದೆ. 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ನೀತಿಯಿಂದ ದೇಶೀ ಸಂಸ್ಥಾನಗಳನ್ನು ನುಂಗಿದ ಗವರ್ನರ್ ಜನರಲ್ ಡಾಲ್‌ಹೌಸಿ 1848ರಲ್ಲಿ ಥಿಸಲ್ ನೈಟ್ ಆದವನು.

1906ರಲ್ಲಿ ತೀರಿಕೊಂಡ ಲೆವೆನ್‌ನ ಅರ್ಲ್ (ಅರ್ಲ್ ಅನ್ನುವುದು ಕುಲೀನ ಮನೆತನದವರ ಬಿರುದು) ಹೋಲಿರೂಡ್ ಚರ್ಚನ್ನು ಮತ್ತೆ ಕಟ್ಟಲೆಂದು 40 ಸಾವಿರ ಪೌಂಡ್ ತೆಗೆದಿಟ್ಟಿದ್ದ. ತಿಳಿದವರು ಪರೀಕ್ಷೆ ಮಾಡಿ, ಹಾಳಾದ ಆ ಗೋಡೆಗಳನ್ನು ಉಳಿಸಿಕೊಂಡು ಕಟ್ಟುವುದು ಆಗದ ಕೆಲಸ ಎಂದರು. ಆಗ ಅರ್ಲ್‌ನ ಕುಟುಂಬ ಮತ್ತು ದೊರೆ ಏಳನೇ ಎಡ್ವರ್ಡ್ ಒಪ್ಪಿ, ಆ ಹಣವನ್ನು ಸೇಂಟ್ ಜೈಲ್ಸ್ ಪಕ್ಕದಲ್ಲಿ ಹೊಸ ಚಾಪೆಲ್ ಕಟ್ಟಲು ತಿರುಗಿಸಿದರು. ಕೆಲಸ ರಾಬರ್ಟ್ ಲಾರಿಮರ್ ಎಂಬ ವಾಸ್ತುಶಿಲ್ಪಿಯ ಕೈಗೆ ಬಂತು. ಎಡ್ವರ್ಡ್ 1910ರಲ್ಲಿ ತೀರಿಕೊಂಡ. ಬಾಗಿಲು ತೆರೆದದ್ದು ಅವನ ಮಗ ಐದನೇ ಜಾರ್ಜ್.

ಈ ಹಿನ್ನೆಲೆ ಇಟ್ಟುಕೊಂಡು ನೋಡಿದರೆ ಅಷ್ಟೊಂದು ಕೆತ್ತನೆಗೆ ಒಂದು ಕಾರಣ ಸಿಗುತ್ತದೆ. ತಲೆಮಾರುಗಳಿಂದ ಮನೆ ಇಲ್ಲದವರು ಕೊನೆಗೊಮ್ಮೆ ಮನೆ ಕಟ್ಟಿದಾಗ ಹೇಗಿರುತ್ತದೆ? ಒಡೆದುಹೋದದ್ದು, ಸಿಗದೆ ಉಳಿದದ್ದು, ಎಲ್ಲವನ್ನೂ ಒಂದೇ ಕೋಣೆಯಲ್ಲಿ ತುಂಬುವ ಆಸೆ ಇರುತ್ತದೆ. ಆ ಆಸೆ ಇಲ್ಲಿ ಕಾಣುತ್ತದೆ.

ತಗ್ಗಿನಿಂದ ಎತ್ತರಕ್ಕೆ

ಚಾಪೆಲ್ಲಿಗೆ ನೇರವಾಗಿ ಹೋಗಲು ಬರುವುದಿಲ್ಲ. ಮೊದಲು ಒಂದು ಹೊರಕೋಣೆ. ಅದರ ಮಾಡು ತಗ್ಗು, ಬೆಳಕು ಕಡಿಮೆ. ತಲೆಯ ಮೇಲೆ ಭಾರವಾದ ಕಲ್ಲಿನ ಕಮಾನುಗಳು. ಚಾಪೆಲ್ ಇಲ್ಲದ ಕಾಲದಲ್ಲಿ ಆಗಿಹೋದ ನೈಟ್‌ಗಳ ಹೆಸರುಗಳನ್ನು ಇಲ್ಲಿನ ಗೋಡೆಗಳಲ್ಲಿ ದಾಖಲಿಸಿದ್ದಾರೆ. ಒಳಗೆ ಆಸನ ಸಿಗದವರಿಗೆ ಬಾಗಿಲ ಹೊರಗಾದರೂ ಒಂದು ಜಾಗ ಸಿಕ್ಕಿದೆ.

ಅಲ್ಲಿಂದ ಬಾಗಿಲು ದಾಟಿದರೆ ಮಾಡು ಒಮ್ಮೆಲೇ ಮೇಲಕ್ಕೆ ಹಾರಿಹೋಗುತ್ತದೆ. ಕತ್ತು ತಾನಾಗಿಯೇ ಹಿಂದಕ್ಕೆ ವಾಲುತ್ತದೆ. ಕೋಣೆ ನಿಜವಾಗಿ ಚಿಕ್ಕದು. ಆದರೆ ತಗ್ಗಿನಿಂದ ಬಂದ ಕಣ್ಣಿಗೆ ಅದು ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ. ಲಾರಿಮರ್‌ಗೆ ಇದ್ದ ಜಾಗವೇ ಇಷ್ಟು. ಒಂದು ಕಡೆ ಹಳೇ ಚರ್ಚು, ಇನ್ನೊಂದು ಕಡೆ ಬೀದಿ. ಅಗಲಕ್ಕೆ ಹಿಗ್ಗಿಸಲು ಸಾಧ್ಯವಿಲ್ಲ, ಹಾಗಾಗಿ ಮೇಲಕ್ಕೆ ಹಿಗ್ಗಿಸಿದರು. ಸಣ್ಣ ಸೈಟಿನಲ್ಲಿ ಮನೆ ಕಟ್ಟಿದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಬೆಳಕಿನ ಲೆಕ್ಕವೂ ಹೀಗೇ. ಗೋಡೆಯ ಕೆಳಭಾಗವನ್ನೆಲ್ಲ ಆಸನಗಳು ಮತ್ತು ಅವುಗಳ ಎತ್ತರದ ಮೇಲಾವರಣಗಳು ನುಂಗಿಬಿಟ್ಟಿವೆ. ಕಿಟಕಿಗಳಿಗೆ ಉಳಿದದ್ದು ಮೇಲಿನ ಭಾಗ ಮಾತ್ರ. ಅದರಿಂದ ಬೆಳಕು ಮೇಲಿನಿಂದ, ಬಣ್ಣದ ಗಾಜಿನ ಮೂಲಕ ಇಳಿಯುತ್ತದೆ. ಕೆಳಗೆ ಕಂದು ಮರದ ಮಬ್ಬು, ಮೇಲೆ ಕಲ್ಲಿನ ಮೇಲೆ ಬಿದ್ದ ಬೆಳಕು. ಕಾಡಿನ ಒಳಗೆ ನಿಂತರೆ ಹೇಗೋ ಹಾಗೆ.

ಮಾಡು ನಿಂತಿರುವುದು ಹೇಗೆ

ಈಗ ಮೇಲೆ ನೋಡೋಣ. ಥಿಸಲ್ ಚಾಪೆಲ್ಲಿನಲ್ಲಿ ಜನ ಜಾಸ್ತಿ ಹೊತ್ತು ನೋಡುವುದು ಮಾಡನ್ನೇ. ಇದನ್ನು ರಿಬ್ ವಾಲ್ಟ್ ಎನ್ನುತ್ತಾರೆ. ಹೆಸರು ದೊಡ್ಡದು, ಸಂಗತಿ ಸರಳ.

ಕಲ್ಲಿಗೆ ಒಂದು ಗುಣ ಇದೆ. ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ಉದ್ದನೆಯ ಕಲ್ಲುಚಪ್ಪಡಿಯನ್ನು ಎರಡು ಗೋಡೆಗಳ ಮೇಲೆ ಅಡ್ಡ ಇಟ್ಟರೆ ಅದರ ಭಾರಕ್ಕೆ ಅದೇ ನಡುವೆ ಬಾಗಲು ನೋಡುತ್ತದೆ, ಅಡಿಭಾಗ ಎಳೆತಕ್ಕೆ ಸಿಕ್ಕಿ ಒಡೆಯುತ್ತದೆ. ಹಾಗಾಗಿ ಅಗಲ ಜಾಸ್ತಿಯಾದಾಗ ಕಮಾನು ಬೇಕು. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ. ಒತ್ತುವುದನ್ನು ಕಲ್ಲು ಸಲೀಸಾಗಿ ಹೊರುತ್ತದೆ.

ಮಧ್ಯಯುಗದ ಯುರೋಪಿನ ಗಾಥಿಕ್ ಶೈಲಿಯ ಮೇಸ್ತ್ರಿಗಳು ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ಮೊದಲು ಕಲ್ಲಿನ ತೆಳ್ಳನೆಯ ಕಮಾನುಗಳನ್ನು ಮಾತ್ರ ಎಬ್ಬಿಸುವುದು, ಛತ್ರಿಯ ಕಡ್ಡಿಗಳ ಹಾಗೆ. ಇವೇ ರಿಬ್‌ಗಳು, ಅಂದರೆ ಪಕ್ಕೆಲುಬುಗಳು. ಆಮೇಲೆ ಕಡ್ಡಿಗಳ ನಡುವಿನ ಜಾಗಕ್ಕೆ ಹಗುರವಾದ ಕಲ್ಲು ತುಂಬುವುದು, ಛತ್ರಿಯ ಬಟ್ಟೆಯ ಹಾಗೆ. ಭಾರ ಕಡ್ಡಿಗಳ ಗುಂಟ ಕೆಳಗಿಳಿದು ಗೋಡೆಯ ಕೆಲವೇ ಜಾಗಗಳಿಗೆ ಬಂದು ಸೇರುತ್ತದೆ. ಕಮಾನು ಕೆಳಗೆ ಮಾತ್ರ ಒತ್ತುವುದಿಲ್ಲ, ಹೊರಕ್ಕೂ ತಳ್ಳುತ್ತದೆ. ಅದಕ್ಕೇ ಆ ಜಾಗಗಳಲ್ಲಿ ಹೊರಗಿನಿಂದ ದಪ್ಪನೆಯ ಆಸರೆಗಂಬ ಕೊಡುತ್ತಾರೆ. ನಡುವಿನ ಗೋಡೆಗೆ ಭಾರ ಕಡಿಮೆ, ಹಾಗಾಗಿ ಅಲ್ಲಿ ದೊಡ್ಡ ಕಿಟಕಿ ಇಡಬಹುದು. ಥಿಸಲ್ ಚಾಪೆಲ್ಲನ್ನು ಬೀದಿಯಿಂದ ನೋಡಿದರೆ ಈ ಗಟ್ಟಿ ಆಸರೆಗಂಬಗಳೇ ಎದ್ದು ಕಾಣುತ್ತವೆ. ಒಳಗಿನ ಸೂಕ್ಷ್ಮ ಕುಸುರಿ ನಿಂತಿರುವುದು ಹೊರಗಿನ ಈ ಒರಟು ಭುಜಗಳ ಬಲದಿಂದ.

ಇನ್ನು ರಿಬ್‌ಗಳು ಒಂದನ್ನೊಂದು ಕೂಡುವ ಜಾಗ. ಅಲ್ಲೊಂದು ತೊಂದರೆ ಇದೆ. ನಾಲ್ಕೈದು ಕಡ್ಡಿಗಳು ಬೇರೆ ಬೇರೆ ಕೋನದಿಂದ, ಬೇರೆ ಬೇರೆ ಬಾಗಿನಿಂದ ಬಂದು ಒಂದೇ ಬಿಂದುವಿನಲ್ಲಿ ಸೇರಬೇಕು. ಪ್ರತಿಯೊಂದನ್ನೂ ಚೂಪಾಗಿ ಕಡಿದು ಕೂಡಿಸಿದರೆ ಕಲ್ಲು ತುದಿಯಲ್ಲಿ ಸಿಡಿಯುತ್ತದೆ, ಸಂದು ಕಾಣುತ್ತದೆ. ಮೇಸ್ತ್ರಿಗಳು ಕಂಡುಕೊಂಡ ಉಪಾಯ ಒಂದು ಇಡೀ ಕಲ್ಲು. ಅದರ ಸುತ್ತ ಎಲ್ಲ ರಿಬ್‌ಗಳಿಗೂ ಗಿಡ್ಡ ಮೂತಿಗಳನ್ನು ಬಿಟ್ಟು ಕಡಿಯುತ್ತಾರೆ. ಬರುವ ರಿಬ್ ಆ ಮೂತಿಗೆ ನೇರವಾಗಿ ತಾಗುತ್ತದೆ. ಈ ಗಂಟುಕಲ್ಲಿಗೆ ಬಾಸ್ ಎಂದು ಹೆಸರು. ಅದರ ಅಡಿಭಾಗ ಹೇಗೂ ಕೆಳಗೆ ನಿಂತವರಿಗೆ ಕಾಣುತ್ತದೆ. ಖಾಲಿ ಬಿಡುವುದೇಕೆ ಎಂದು ಅಲ್ಲಿ ಕೆತ್ತಿದರು. ಕೆತ್ತನೆಗೆ ಸುಮ್ನೆ ಜಾಗ ಹುಡುಕಿದ್ದಲ್ಲ, ಮಾಡು ಕಟ್ಟುವ ಕೆಲಸವೇ ಆ ಜಾಗವನ್ನು ಕೊಟ್ಟಿದ್ದು.

ಮುಖ್ಯ ರಿಬ್‌ಗಳ ನಡುವೆ ಇನ್ನಷ್ಟು ರಿಬ್ ಸೇರಿಸಬಹುದು, ಅವುಗಳ ನಡುವೆ ಅಡ್ಡಕ್ಕೆ ಚಿಕ್ಕ ಚಿಕ್ಕ ತುಂಡು ರಿಬ್‌ಗಳನ್ನೂ ಹಾಕಬಹುದು. ಈ ತುಂಡುಗಳು ಭಾರ ಹೊರುವುದು ಅಷ್ಟಕ್ಕಷ್ಟೇ. ಆದರೆ ಒಂದೊಂದು ರಿಬ್ ಸೇರಿದಾಗಲೂ ಕೂಡುವ ಬಿಂದುಗಳು ಹೆಚ್ಚುತ್ತವೆ, ಬಾಸ್‌ಗಳೂ ಹೆಚ್ಚುತ್ತವೆ. ಲಾರಿಮರ್ ಇದನ್ನು ತುಂಬಾ ದೂರ ಒಯ್ದರು. ಇಲ್ಲಿ ರಿಬ್‌ಗಳ ಜಾಲ ಎಷ್ಟು ಒತ್ತಾಗಿದೆ ಅಂದರೆ ಮಾಡಿನ ತುಂಬ ಕಲ್ಲಿನ ಹೂಗೊಂಚಲು ಇಳಿಬಿಟ್ಟಂತೆ ಕಾಣುತ್ತದೆ. ಇಂಜಿನಿಯರ್ ದೃಷ್ಟಿಯಿಂದ ಇಷ್ಟು ಬೇಕಿರಲಿಲ್ಲ, ನಿಜ. ಆದರೆ ಬೇಡದ್ದನ್ನು ಸೇರಿಸುವಾಗಲೂ ಅವರು ಕಟ್ಟಡದ ವ್ಯಾಕರಣ ಮುರಿಯಲಿಲ್ಲ. ಕೆತ್ತನೆ ಬೇಕಾದರೆ ಗಂಟು ಬೇಕು, ಗಂಟು ಬೇಕಾದರೆ ರಿಬ್ ಬೇಕು. ಈ ನಿಯಮಕ್ಕೆ ಅವರು ಬದ್ಧರಾಗಿದ್ದರು.

ನಡುವಿನ ಸಾಲಿನ ದೊಡ್ಡ ಬಾಸ್‌ಗಳಲ್ಲಿ ಸ್ಕಾಟ್ಲೆಂಡಿನ ಸಂತ ಆಂಡ್ರೂ ಇದ್ದಾನೆ, ಬಳಗದ ನಕ್ಷತ್ರ ಇದೆ, ರಾಜಲಾಂಛನ ಇದೆ. ಸಂತ ಜೈಲ್ಸ್ ತನ್ನ ಜಿಂಕೆಯ ಜೊತೆ ಇದ್ದಾನೆ. ಬೇಟೆಗಾರನ ಬಾಣ ಜಿಂಕೆಗೆ ತಾಗದ ಹಾಗೆ ತಾನೇ ಗಾಯಗೊಂಡ ಸಂತ ಅವನು, ಈ ಚರ್ಚು ಅವನ ಹೆಸರಿನದೇ. ಇನ್ನೊಂದರಲ್ಲಿ ಹೆಜ್ಜಾರ್ಲೆ ಹಕ್ಕಿ ತನ್ನ ಎದೆಯನ್ನು ತಾನೇ ಕುಕ್ಕಿಕೊಂಡು ಮರಿಗಳಿಗೆ ರಕ್ತ ಕುಡಿಸುತ್ತಿದೆ. ನಿಜ ಹೆಜ್ಜಾರ್ಲೆ ಹಾಗೆ ಮಾಡುವುದಿಲ್ಲ. ಆದರೆ ಕ್ರೈಸ್ತರ ಕಲೆಯಲ್ಲಿ ಅದು ಯೇಸುವಿನ ತ್ಯಾಗದ ಹಳೆಯ ಗುರುತು. ಇವುಗಳ ಸುತ್ತ ಎಲೆ, ಹೂವು, ಎಲ್ಲಕ್ಕಿಂತ ಜಾಸ್ತಿ ಥಿಸಲ್.

ಒಂದೇ ಆಸನವನ್ನು ಹತ್ತಿರದಿಂದ ನೋಡೋಣ

ಮಾಡಿನಿಂದ ಕಣ್ಣು ಇಳಿಸಿದರೆ ಎರಡೂ ಬದಿಗೆ ಓಕ್ ಮರದ ಆಸನಗಳ ಸಾಲು. 16 ನೈಟ್‌ಗಳಿಗೆ 16. ಪಶ್ಚಿಮದ ತುದಿಯಲ್ಲಿ ರಾಜ ಕೂರುವ ಆಸನ, ಅದರ ಎರಡು ಬದಿಗೆ ರಾಜಮನೆತನದವರ ಆಸನ. ಒಂದನ್ನು ಓದಲು ಕಲಿತರೆ ಉಳಿದವನ್ನೂ ಓದಬಹುದು. ಕೆಳಗಿನಿಂದ ಶುರುಮಾಡೋಣ.

ಕೈ ಇಡುವ ಜಾಗದಲ್ಲಿ ಒಂದು ಪ್ರಾಣಿ ಇರುತ್ತದೆ. ಕೂತವರ ಅಂಗೈ ಅದರ ಬೆನ್ನ ಮೇಲೇ ಬೀಳುತ್ತದೆ. ಕಣ್ಣಿಗಿಂತ ಕೈಗೆ ಹತ್ತಿರವಾದ ಕೆತ್ತನೆ ಇದು. ಈ ಚಾಪೆಲ್ಲಿನಲ್ಲಿ ನನಗೆ ತುಂಬಾ ಇಷ್ಟವಾಗುವುದು ಇವೇ ಪುಟ್ಟ ಪ್ರಾಣಿಗಳು.

ಅದರ ಮೇಲೆ, ಬೆನ್ನು ಒರಗುವ ಹಲಗೆಯಲ್ಲಿ ಬಣ್ಣದ ಲೋಹದ ತಗಡುಗಳು. ಒಂದೊಂದರಲ್ಲೂ ಒಬ್ಬ ನೈಟ್‌ನ ಲಾಂಛನ. ಇದು ಎನಾಮೆಲ್ ಕೆಲಸ. ಬಣ್ಣದ ಗಾಜನ್ನು ನುಣ್ಣಗೆ ಪುಡಿಮಾಡಿ, ಲೋಹದ ಮೇಲೆ ಹರಡಿ, ಕುಲುಮೆಯಲ್ಲಿ ಬೇಯಿಸುತ್ತಾರೆ. ಪುಡಿ ಕರಗಿ ಲೋಹಕ್ಕೆ ಅಂಟಿ ಮತ್ತೆ ಗಾಜಾಗುತ್ತದೆ. ಸ್ವಲ್ಪ ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ, ಕಡಿಮೆಯಾದರೆ ಹೊಳಪು ಬರುವುದಿಲ್ಲ. ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ, ಬಣ್ಣ ತುಂಬಿ ಮತ್ತೆ ಮತ್ತೆ ಬೇಯಿಸಬೇಕು. ಇಲ್ಲಿನ ಮೊದಲ ತಗಡುಗಳನ್ನು ಮಾಡಿದ್ದು ಫೀಬಿ ಆ್ಯನಾ ಟ್ರಾಕ್ವೇರ್. ಐರ್ಲೆಂಡಿನಲ್ಲಿ ಹುಟ್ಟಿ ಎಡಿನ್‌ಬರೋದಲ್ಲಿ ನೆಲೆಸಿದ ಕಲಾವಿದೆ. ಗೋಡೆಚಿತ್ರ, ಕಸೂತಿ, ಪುಸ್ತಕದ ಚಿತ್ತಾರ, ಎನಾಮೆಲ್ ಎಲ್ಲದರಲ್ಲೂ ಪಳಗಿದ ಕೈ. ರಾಯಲ್ ಸ್ಕಾಟಿಷ್ ಅಕಾಡೆಮಿ 1920ರಲ್ಲಿ ಇವರನ್ನು ಗೌರವ ಸದಸ್ಯೆಯಾಗಿ ಆರಿಸಿತು. ಆ ಗೌರವ ಪಡೆದ ಮೊದಲ ಹೆಂಗಸು ಇವರೇ. ಆ ಕಾಲದ ನೈಟ್‌ಗಳೆಲ್ಲ ಗಂಡಸರು. ಅವರ ಗುರುತನ್ನು ಬೆಂಕಿಯಲ್ಲಿ ಬೇಯಿಸಿ ಶಾಶ್ವತ ಮಾಡಿದ್ದು ಒಬ್ಬ ಹೆಂಗಸು.

ಆಮೇಲೆ ಮೇಲಾವರಣ. ದೇವರ ಮಂಟಪದ ಹಾಗೆ ಆಸನದ ಮೇಲೆ ಮರದ ಗೋಪುರ, ಅದರಿಂದ ಮೇಲಕ್ಕೆ ಚೂಪಾದ ಶಿಖರಗಳು. ಮೂಲದಲ್ಲಿ ಇಂಥ ಮೇಲಾವರಣಕ್ಕೆ ಒಂದು ಸರಳ ಉಪಯೋಗ ಇತ್ತು: ಚಳಿ ದೇಶದ ಕಲ್ಲಿನ ಚರ್ಚಿನಲ್ಲಿ ಗಂಟೆಗಟ್ಟಲೆ ಕೂರುವವರ ತಲೆಗೆ ತಣ್ಣನೆ ಗಾಳಿ ಬೀಸದ ಹಾಗೆ ನೋಡಿಕೊಳ್ಳುವುದು. ಕಾಲ ಕಳೆದಂತೆ ಅದು ಗೌರವದ ಗುರುತಾಯಿತು. ಇಲ್ಲಿ ಅದರ ಕೆಲಸ ಕೂತವರನ್ನು ಬೇರೆ ಬೇರೆ ಮಾಡುವುದು. ಒತ್ತಾಗಿ ಕೂತರೂ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಪುಟ್ಟ ಮಂಟಪ.

ಮಂಟಪದ ಮೇಲೆ ಒಂದು ಶಿರಸ್ತ್ರಾಣ, ಅದರ ಮೇಲೆ ಬಣ್ಣ ಬಳಿದ ಮರದ ಗೊಂಬೆ. ಪ್ರಾಣಿಯೋ, ಹಕ್ಕಿಯೋ, ಕೈಯೋ, ಇನ್ನೇನೋ. ಇದಕ್ಕೆ ಕ್ರೆಸ್ಟ್ ಎನ್ನುತ್ತಾರೆ. ಹಿಂದೆ ಕುದುರೆ ಮೇಲೆ ಕೂತು ಭರ್ಜಿ ಹಿಡಿದು ಆಡುವ ಕಾಳಗದ ಪಂದ್ಯಗಳಿದ್ದವು. ಮುಖ ಪೂರ್ತಿ ಲೋಹದಲ್ಲಿ ಮುಚ್ಚಿರುತ್ತಿತ್ತು. ನೋಡುವವರಿಗೆ ಯಾರು ಯಾರೆಂದು ಗೊತ್ತಾಗಲಿ ಎಂದು ಶಿರಸ್ತ್ರಾಣದ ತುದಿಯಲ್ಲಿ ಹೀಗೊಂದು ಗುರುತು ಇಟ್ಟುಕೊಳ್ಳುತ್ತಿದ್ದರು. ಅದೇ ಗುರುತು ಈಗ ಆಸನದ ಮೇಲೆ ನಿಂತು 'ಇದು ಇಂಥವರ ಜಾಗ' ಎನ್ನುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಕ್ರೆಸ್ಟ್ ಈಗ ಆ ಜಾಗದಲ್ಲಿ ಕೂರುವವರದು. ಅವರು ತೀರಿಕೊಂಡ ಮೇಲೆ ಅದು ಕೆಳಗಿಳಿಯುತ್ತದೆ, ಮುಂದೆ ಬರುವವರದು ಏರುತ್ತದೆ. ತಗಡು ಮಾತ್ರ ಅಲ್ಲೇ ಉಳಿಯುತ್ತದೆ. ಹೊಸಬರ ತಗಡು ಹಳಬರ ತಗಡುಗಳ ಜೊತೆ ಸೇರುತ್ತದೆ. ಅಂದರೆ ಮೇಲೆ ನೋಡಿದರೆ ಈ ಹೊತ್ತಿನ ಪಟ್ಟಿ, ಕೆಳಗೆ ನೋಡಿದರೆ 1911ರಿಂದ ಇಲ್ಲಿಯವರೆಗಿನ ಇತಿಹಾಸ. ಪುಸ್ತಕ ಬೇಡ, ಆಸನವೇ ರಿಜಿಸ್ಟರ್. ನಾರ್ವೆಯ ದೊರೆ ಐದನೇ ಓಲಾವ್ 1962ರಲ್ಲಿ, ಆಸ್ಟ್ರೇಲಿಯಾದ ಪ್ರಧಾನಿ ರಾಬರ್ಟ್ ಮೆಂಜೀಸ್ 1963ರಲ್ಲಿ ಈ ಬಳಗಕ್ಕೆ ಸೇರಿದರು. ರಾಜಮನೆತನದ ಹೊರಗಿನ ಮೊದಲ ಮಹಿಳೆ ಸೇರಿದ್ದು 1996ರಲ್ಲಿ: ಲೇಡಿ ಮೇರಿಯನ್ ಫ್ರೇಸರ್.

ಲಾಂಛನ ಅಂದರೆ ಯಾರು ಬೇಕಾದರೂ ಬರೆದುಕೊಳ್ಳುವ ಚಿತ್ರ ಅಂದುಕೊಳ್ಳಬೇಡಿ. ಸ್ಕಾಟ್ಲೆಂಡಿನಲ್ಲಿ ಇದಕ್ಕೆ ಕಾನೂನಿದೆ. ಲಾರ್ಡ್ ಲಯನ್ ಎಂಬ ಅಧಿಕಾರಿಯ ಕೈಯಲ್ಲಿ ನಿಜವಾದ ನ್ಯಾಯಾಲಯವೇ ಇದೆ. 1672ರ ಕಾಯಿದೆಯ ಪ್ರಕಾರ ಲಾಂಛನಗಳೆಲ್ಲ ಅವರ ದಾಖಲೆಯಲ್ಲಿ ಇರಬೇಕು. ಒಪ್ಪಿಗೆ ಇಲ್ಲದೆ ಬಳಸುವುದು ತಪ್ಪು. ಹಾಗಾಗಿ ಚಾಪೆಲ್ಲಿನ ಪ್ರತಿ ಸಿಂಹ, ಪ್ರತಿ ನಕ್ಷತ್ರ, ಅದರ ಬಣ್ಣ ಎಲ್ಲವೂ ಆಧಾರ ಇರುವಂಥದ್ದು. ಕೆತ್ತುವವನಿಗೆ ಸಿಂಹದ ಮುಖಭಾವ ಬದಲಿಸುವ ಸ್ವಾತಂತ್ರ್ಯ ಇತ್ತು, ಸಿಂಹದ ಬಣ್ಣ ಬದಲಿಸುವ ಸ್ವಾತಂತ್ರ್ಯ ಇರಲಿಲ್ಲ.

ವಿಂಡ್ಸರ್‌ನಲ್ಲಿ ಆಸನಗಳ ಮೇಲೆ ನೈಟ್‌ಗಳ ಬಾವುಟಗಳೂ ತೂಗುತ್ತವೆ. ಥಿಸಲ್ ಚಾಪೆಲ್ಲಿನ ಒಳಗೆ ಬಾವುಟ ಇಲ್ಲ. ಅವು ಪಕ್ಕದ ಚರ್ಚಿನ ಪ್ರೆಸ್ಟನ್ ಐಲ್ ಎಂಬ ಭಾಗದಲ್ಲಿವೆ. ಈ ಕೋಣೆಯಲ್ಲಿ ಬಟ್ಟೆ ತೂಗುಹಾಕಿದ್ದರೆ ಮರವೂ ಕಾಣುತ್ತಿರಲಿಲ್ಲ, ಮಾಡೂ ಕಾಣುತ್ತಿರಲಿಲ್ಲ.

ಕಾಲಡಿಯ ನೆಲವನ್ನು ಜನ ಗಮನಿಸುವುದು ಕಡಿಮೆ. ಅದು ಐಲ್ಸಾ ಕ್ರೇಗ್ ಎಂಬ ನಡುಗಡ್ಡೆಯ ಗ್ರಾನೈಟ್, ಜೊತೆಗೆ ಅಯೋನಾ ದ್ವೀಪದ ಅಮೃತಶಿಲೆ. ಐಲ್ಸಾ ಕ್ರೇಗ್ ಸಮುದ್ರದ ನಡುವೆ ಎದ್ದು ನಿಂತಿರುವ, ಹಳೆಯ ಜ್ವಾಲಾಮುಖಿಯ ಒಳತಿರುಳು. ಒಲಿಂಪಿಕ್ಸ್‌ನಲ್ಲಿ ಹಿಮದ ಮೇಲೆ ಜಾರಿಸುವ ಕರ್ಲಿಂಗ್ ಕಲ್ಲುಗಳೂ ಅಲ್ಲಿಯವೇ. ಅಯೋನಾ ಸ್ಕಾಟ್ಲೆಂಡಿಗೆ ಕ್ರೈಸ್ತ ಧರ್ಮ ಹರಡಿದ ಪುಣ್ಯದ್ವೀಪ. ಗೋಡೆಗಳ ಮರಳುಗಲ್ಲು ಹತ್ತಿರದ ಫೈಫ್ ಪ್ರಾಂತ್ಯದ್ದು. ಕಟ್ಟಡದ ಅರ್ಥ ಕಲ್ಲಿನ ಊರಿನಲ್ಲೂ ಇದೆ.

ಯಾರ ಕೈ?

ಲಾರಿಮರ್ ಒಬ್ಬರ ಹೆಸರನ್ನೇ ಹೇಳಿ ಮುಗಿಸಿದರೆ ಅನ್ಯಾಯವಾಗುತ್ತದೆ. ಅವರು ನಂಬಿದ್ದ ಕಲಾಪಂಥ 'ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್'. ಕಾರ್ಖಾನೆಯ ಯಂತ್ರ ಒಂದೇ ಥರದ ಅಲಂಕಾರವನ್ನು ಸಾವಿರಗಟ್ಟಲೆ ಉದುರಿಸುತ್ತಿದ್ದ ಕಾಲ ಅದು. ಅದಕ್ಕೆ ಎದುರಾಗಿ, ಕೈಕಸುಬಿನವರಿಗೆ ಬೆಲೆ ಕೊಡಬೇಕು, ಕಲ್ಲು ಕಲ್ಲಿನ ಹಾಗೆ, ಮರ ಮರದ ಹಾಗೆ ಇರಬೇಕು ಎಂದವರು ಇವರು. ಲಾರಿಮರ್ ವರ್ಷಗಳಿಂದ ತಮ್ಮ ಜೊತೆ ದುಡಿದ ಕೈಗಳನ್ನೇ ಇಲ್ಲಿಗೂ ಕರೆತಂದರು. ಮರದ ಕೆತ್ತನೆ ವಿಲಿಯಂ ಮತ್ತು ಅಲೆಕ್ಸಾಂಡರ್ ಕ್ಲೋ ಎಂಬ ಅಣ್ಣತಮ್ಮಂದಿರದು. ಜೋಸೆಫ್ ಹೇಯ್ಸ್, ಲೂಯಿಸ್ ಡ್ಯೂಚಾರ್ಸ್ ಶಿಲ್ಪದ ಕೆಲಸದಲ್ಲಿದ್ದರು. ಬಣ್ಣದ ಗಾಜು ಲೂಯಿಸ್ ಡೇವಿಸ್ ಮತ್ತು ಡಗ್ಲಸ್ ಸ್ಟ್ರಾಕನ್ ಅವರದು. ಇಷ್ಟು ಕೆಲಸ ಎರಡೇ ವರ್ಷದಲ್ಲಿ ಮುಗಿಯಿತು ಅಂದರೆ ಅದು ಒಬ್ಬರಿಗೊಬ್ಬರು ಒಗ್ಗಿಹೋದ ಕೈಗಳಿಂದ ಮಾತ್ರ ಸಾಧ್ಯ.

1911ರಲ್ಲಿ ನಿಂತು 1500ರ ಹಾಗೆ ಕಟ್ಟಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ನಕಲು ಅಂದರೆ ಹಳೆಯದನ್ನು ಅಳತೆ ಹಿಡಿದು ತೆಗೆಯುವುದು. ಇಲ್ಲಿ ಆಗಿದ್ದು ಅದಲ್ಲ ಎಂದು ನನಗೆ ಅನ್ನಿಸುತ್ತದೆ. ಬ್ಯಾಗ್‌ಪೈಪ್ ಊದುವ ದೇವದೂತನನ್ನೇ ತೆಗೆದುಕೊಳ್ಳಿ. ಕೆನ್ನೆ ಉಬ್ಬಿದೆ, ತೋಳಿನ ಕೆಳಗೆ ಗಾಳಿಚೀಲ ಒತ್ತಿಕೊಂಡಿದೆ. ಕೆತ್ತಿದವರು ತಮ್ಮ ಊರಿನ ಬೀದಿಯಲ್ಲಿ ಕೇಳಿದ ವಾದ್ಯವನ್ನು ದೇವದೂತನ ಕೈಗೆ ಕೊಟ್ಟಿದ್ದಾರೆ. ಇನ್ನೊಂದು ಮಾತು. 1560ರ ಧರ್ಮಸುಧಾರಣೆಯ, ಅಂದರೆ ದೇಶ ಕ್ಯಾಥೊಲಿಕ್ ಪಂಥ ಬಿಟ್ಟು ಪ್ರಾಟೆಸ್ಟೆಂಟ್ ಆದದ್ದರ ನಂತರ ಸ್ಕಾಟ್ಲೆಂಡಿನ ಚರ್ಚುಗಳು ವಿಗ್ರಹ, ಬಣ್ಣ, ಕೆತ್ತನೆ ಎಲ್ಲವನ್ನೂ ದೂರ ಇಟ್ಟಿದ್ದವು. ಸುಧಾರಣೆಯ ಮುಂದಾಳು ಜಾನ್ ನಾಕ್ಸ್ ಬೋಧಿಸಿದ್ದು ಇದೇ ಸೇಂಟ್ ಜೈಲ್ಸ್‌ನಲ್ಲಿ. ಅದೇ ಚರ್ಚಿನ ಮಗ್ಗುಲಲ್ಲಿ ಸಂತರು, ದೇವದೂತರು ಮತ್ತೆ ಮಾಡು ಹತ್ತಿ ಕೂತರು. ಲಾರಿಮರ್‌ಗೆ 1911ರಲ್ಲೇ ಸರ್ ಪದವಿ ಸಿಕ್ಕಿತು.

ಹೋಲಿರೂಡ್, ಸೇಂಟ್ ಜೈಲ್ಸ್, ಊರಿನ ಕೋಟೆ, ಈ ಮೂರೂ ಜಾಗಗಳು ಒಂದೇ ಬೀದಿಯ ಮೇಲಿವೆ. ಎಡಿನ್‌ಬರೋದ ರಾಯಲ್ ಮೈಲ್ ಕೆಳಗಿನ ತುದಿಯಲ್ಲಿ ಹೋಲಿರೂಡ್‌ನ ಮಾಡಿಲ್ಲದ ಗೋಡೆಗಳಿಂದ ಶುರುವಾಗಿ, ಏರುತ್ತಾ ಬಂದು ಸೇಂಟ್ ಜೈಲ್ಸ್ ಮುಟ್ಟುತ್ತದೆ, ಇನ್ನೂ ಏರಿ ಬಂಡೆಯ ಮೇಲಿನ ಕೋಟೆಗೆ ಹೋಗಿ ನಿಲ್ಲುತ್ತದೆ. ಚಾಪೆಲ್ ತೆರೆದ ಮೂರೇ ವರ್ಷಕ್ಕೆ ಮೊದಲ ಮಹಾಯುದ್ಧ ಬಂತು. ಯುದ್ಧ ಮುಗಿದ ಮೇಲೆ ಲಾರಿಮರ್‌ಗೆ ಇನ್ನೊಂದು ಕೆಲಸ ಬಂ‍ತು: ಕೋಟೆಯ ಮೇಲೆ ಸ್ಕಾಟ್ಲೆಂಡಿನ ರಾಷ್ಟ್ರೀಯ ಯುದ್ಧ ಸ್ಮಾರಕ. ಅಲ್ಲಿನ ಗಾಜಿಗೂ ಡಗ್ಲಸ್ ಸ್ಟ್ರಾಕನ್ನೇ ಬಂದರು. 1927ರಲ್ಲಿ ಅದು ತೆರೆಯಿತು. ಹದಿನಾರು ಜನರ ಆಸನ ಕಟ್ಟಿದವರು ಈ ಸಲ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳಿಗೆ ಜಾಗ ಮಾಡಬೇಕಿತ್ತು. ಹೆಸರುಗಳ ಪುಸ್ತಕಗಳನ್ನು ಗೋಡೆಯ ಗುಂಟ ಇಟ್ಟಿದ್ದಾರೆ, ಬಂದವರು ಹಾಳೆ ತಿರುವಿ ತಮ್ಮವರನ್ನು ಹುಡುಕುತ್ತಾರೆ.